ನುಸಿ ಮತ್ತು ಐದನೇ ನಂಬರಿನ ಲೋಟ

ಹೇಳದೆ ಕೇಳದೆ ಬೇರೆಯವರ ಹಿತ್ತಿಲಿಗೆ ಹೋಗಿ ಅವರ ಬಕೆಟ್ಟು, ಬ್ಯಾರಲ್ಲು, ಹೂವಿನ ಕುಂಡಗಳನ್ನು ಬಗ್ಗಿ ನೋಡುವ ಅಧಿಕಾರ ನಮ್ಮ ಊರಿನಲ್ಲಿ ಇಬ್ಬರಿಗೆ ಮಾತ್ರ ಇದೆ: ಕಾಗೆಗೆ ಮತ್ತು ಆರೋಗ್ಯ ಸಹಾಯಕಿಗೆ. ನಾನು ಮೂವತ್ತೊಂದು ವರ್ಷ ಆ ಅಧಿಕಾರವನ್ನು ಚಲಾಯಿಸಿದೆ. ಕಡಬದಲ್ಲಿ ಶುರುಮಾಡಿ, ಪಂಜದ ಕಡೆ ಚಪ್ಪಲಿ ಸವೆಸಿ, ಗುಂಡ್ಯದ ಹೋಟೆಲುಗಳ ಹಿಂದೆ ಬಿದ್ದಿದ್ದ ಹಳೆಯ ಟಯರುಗಳನ್ನೆಲ್ಲ ಮಗುಚಿ, ಕಡೆಗೆ ಪುತ್ತೂರಿಗೆ ಬಂದು ನಿವೃತ್ತಳಾದೆ. ನಾನು ಗೇಟಿನ ಹತ್ತಿರ ಕಂಡರೆ ಸಾಕು, ಹೆಂಗಸರು ಬನ್ನಿ ಕೂತ್ಕೊಳ್ಳಿ ಎನ್ನುವ ಮೊದಲು ಹಿಂಬಾಗಿಲಿಗೆ ಓಡಿ ನಿಂತ ನೀರು ಚೆಲ್ಲಿ ಬರುತ್ತಿದ್ದರು. ಅದನ್ನು ನಾನು ಗೌರವ ಎಂದೇ ತಿಳಿದಿದ್ದೆ.

ಒಂದು ಮನೆ ನೋಡಿ ಮುಗಿಸಿದ ಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆಯುವುದು ನಮ್ಮ ಪದ್ಧತಿ. ತಾರೀಕು, ನೋಡಿದ ಪಾತ್ರೆ ಎಷ್ಟು, ಅದರಲ್ಲಿ ಸೊಳ್ಳೆಯ ಹುಳ ಇದ್ದದ್ದು ಎಷ್ಟು, ಏನು ಮಾಡಿದೆವು, ಕೆಳಗೆ ಚುಟುಕು ಸಹಿ. ‘ಪಾತ್ರೆ ನಾಲ್ಕು, ಹುಳ ಒಂದು, ಚೆಲ್ಲಿದೆ.’ ಮಗಳ ಮದುವೆಗೆಂದು ಹೊಸ ಬಣ್ಣ ಹೊಡೆಸಿದ್ದ ಯಜಮಾನರೊಬ್ಬರು, ಬೇಕಾದರೆ ನನ್ನ ಬೆನ್ನಿನ ಮೇಲೆ ಬರೆಯಿರಿ, ಗೋಡೆಯ ತಂಟೆಗೆ ಬರಬೇಡಿ ಎಂದು ಅಂಗಿ ಎತ್ತಿ ನಿಂತಿದ್ದರು. ನಾನು ಗೋಡೆಯ ಮೇಲೆಯೇ ಬರೆದೆ. ಆ ಮದುವೆಗೆ ನನಗೆ ಕಾಗದ ಬರಲಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ಮೇ ತಿಂಗಳಲ್ಲಿ ನನ್ನ ಸ್ವಂತ ಮನೆಗೆ ನುಸಿ ಬಂತು.

ನಮ್ಮ ಕಡೆಯವರಿಗೆ ಕಚ್ಚುವ ಸೊಳ್ಳೆಯೂ ನುಸಿಯೇ, ಕಚ್ಚದೆ ಮುಖದ ಮುಂದೆ ಸುತ್ತುವ ನೊರಜೂ ನುಸಿಯೇ. ನಮ್ಮ ಮನೆಗೆ ಬಂದದ್ದು ಈ ಎರಡನೆಯದು. ಎಳ್ಳಿಗಿಂತ ತುಸು ಸಣ್ಣ ದೇಹ, ಹತ್ತಿರದಿಂದ ನೋಡಿದರೆ ಕೆಂಪು ಕಣ್ಣು. ಕಚ್ಚುವುದಿಲ್ಲ, ಕಿವಿಯ ಹತ್ತಿರ ಹಾಡುವುದಿಲ್ಲ. ನೀವು ಚಾ ಲೋಟ ಎತ್ತುವಾಗ ನಿಮಗಿಂತ ಮೊದಲು ಅಂಚಿನಲ್ಲಿ ಕೂತಿರುತ್ತದೆ, ಅಷ್ಟೇ. ಚಪ್ಪಾಳೆ ತಟ್ಟಿದರೆ ಎರಡು ಅಂಗೈಗಳ ನಡುವಿನ ಗಾಳಿಯಲ್ಲಿ ಜಾರಿಕೊಂಡು ಮತ್ತೆ ಅಲ್ಲಿಯೇ ಬಂದು ಕೂರುತ್ತದೆ. ಸೊಳ್ಳೆಯನ್ನಾದರೆ ದ್ವೇಷಿಸಬಹುದು, ಅದು ನಮ್ಮ ರಕ್ತ ಕುಡಿದಿದೆ. ಇದನ್ನು ದ್ವೇಷಿಸಲು ಸರಿಯಾದ ಕಾರಣವೇ ಸಿಗದೆ ಮನುಷ್ಯ ಇನ್ನಷ್ಟು ರೇಗುತ್ತಾನೆ.

ಪುತ್ತೂರು ಪೇಟೆಯಿಂದ ಎರಡು ಕಿಲೋಮೀಟರು ಆಚೆ ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಟೆರೇಸು ಮನೆ. ಇರುವವರು ಮೂವರು. ನಾನು; ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದು ನಿವೃತ್ತರಾದ ನಮ್ಮವರು; ಅವರ ತಾಯಿ. ತುಳುವರಾದ ನಾವು ಅತ್ತೆಯನ್ನು ಮಾಮಿ ಎನ್ನುತ್ತೇವೆ. ನಮ್ಮ ಮಾಮಿಗೆ ಎಂಬತ್ತೆರಡು. ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುತ್ತಾರೆ, ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುವುದನ್ನು ಬಾಯಿ ಬಿಡದೆ ಬರಿಯ ಹುಬ್ಬಿನಲ್ಲಿ ತಿಳಿಸುತ್ತಾರೆ.

ಎರಡು ವರ್ಷದ ಹಿಂದೆ ಅವರ ಬಾಯಲ್ಲಿ ಒಂದು ಹುಣ್ಣು ಎದ್ದು ಮಾಯದೆ ಹೋಯಿತು. ಡಾಕ್ಟರು ನೋಡಿ, ಎಲೆ ಅಡಿಕೆ ಇವತ್ತಿಗೇ ಬಿಡಬೇಕು ಎಂದರು. ಅವರು ಒಮ್ಮೆ ಹೇಳಿದ್ದನ್ನು ಜಾರಿಗೆ ತಂದವಳು ನಾನು. ಎಲೆ ಅಡಿಕೆಯ ಹಿತ್ತಾಳೆ ತಟ್ಟೆಯನ್ನು ಅಟ್ಟಕ್ಕೆ ಹಾಕಿದೆ. ಬಾವಿಕಟ್ಟೆಯ ಹತ್ತಿರ ಹಬ್ಬಿದ್ದ ವೀಳ್ಯದ ಬಳ್ಳಿಯನ್ನು ಬುಡಸಮೇತ ಕಿತ್ತೆ. ವಾರಕ್ಕೊಮ್ಮೆ ಟಾರ್ಚು ಹಿಡಿದು ಮಾಮಿಯ ಬಾಯಿ ಪರೀಕ್ಷಿಸತೊಡಗಿದೆ. ಮಾಮಿ ಆ ದಿನವೇ ಎಲೆ ಅಡಿಕೆ ಬಿಟ್ಟರು, ಹುಣ್ಣೂ ವಾಸಿಯಾಯಿತು. ಅಡಿಕೆ ಕೆಟ್ಟದ್ದು ಎಂದು ಪುತ್ತೂರಿನಲ್ಲಿ ನಿಂತು ಹೇಳುವುದು ಸುಲಭವಲ್ಲ. ಇಲ್ಲಿಯ ಮದುವೆ, ಮನೆ, ಕಾರು, ನನ್ನ ಗಂಡನ ಓದು ಎಲ್ಲ ಆದದ್ದು ಅಡಿಕೆಯಿಂದಲೇ. ಆದರೂ ನಾನು ಹೋದಲ್ಲೆಲ್ಲ ಮಾಮಿಯ ಉದಾಹರಣೆ ಕೊಟ್ಟು ಭಾಷಣ ಮಾಡುತ್ತಿದ್ದೆ.

ಇದರಲ್ಲಿ ಒಂದು ಸಣ್ಣ ನಷ್ಟವಾಗಿತ್ತು, ಅದನ್ನು ನಾನು ಗಮನಿಸಿರಲಿಲ್ಲ. ಕುಂಬ್ರದ ಗಿರಿಜಕ್ಕ ನಮ್ಮ ಮಾಮಿಯ ಗೆಳತಿ. ಇಬ್ಬರೂ ಐದನೆಯ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ವರ್ಷ ಮದುವೆಯಾದವರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ಎಲೆ ಅಡಿಕೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು, ಇಬ್ಬರೂ ಸಂಜೆಯವರೆಗೆ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ತಟ್ಟೆ ಅಟ್ಟಕ್ಕೆ ಹೋದ ಮೇಲೆ ಗಿರಿಜಕ್ಕ ಮೂರು ತಿಂಗಳಿಗೊಮ್ಮೆ ಬಂದರು, ಆಮೇಲೆ ಬರುವುದೇ ನಿಂತಿತು. ಮೊಣಕಾಲು ನೋವಿರಬೇಕು ಎಂದು ನಾನು ತೀರ್ಮಾನಿಸಿ, ಫೋನಿನಲ್ಲಿ ಎರಡು ವ್ಯಾಯಾಮ ಹೇಳಿಕೊಟ್ಟಿದ್ದೆ. ಈಗ ಎಂಟು ತಿಂಗಳ ಮೇಲೆ ಅವರ ಫೋನು ಬಂದಿತ್ತು: ಬರುವ ಶುಕ್ರವಾರ ಪುತ್ತೂರಿಗೆ ಬರುವುದುಂಟು, ಮನೆಗೆ ಬಂದು ಹೋಗುತ್ತೇನೆ. ಅವತ್ತಿನಿಂದ ಮಾಮಿ ಕ್ಯಾಲೆಂಡರಿನ ಮುಂದೆ ಹಾದು ಹೋಗುವಾಗಲೆಲ್ಲ ಒಂದು ಕ್ಷಣ ನಿಲ್ಲುತ್ತಿದ್ದರು. ಶುಕ್ರವಾರ ಬಂದವರ ಲೋಟದಲ್ಲಿ ಒಂದೇ ಒಂದು ನುಸಿ ಬಿದ್ದರೆ, ಆರೋಗ್ಯ ಸಹಾಯಕಿಯ ಮನೆಯ ಗತಿ ನೋಡಿ ಎಂದು ಕುಂಬ್ರದಿಂದ ಸುಳ್ಯದವರೆಗೆ ಸುದ್ದಿಯಾಗುತ್ತದೆ ಎಂಬುದು ನನ್ನ ಚಿಂತೆ. ಮಾಮಿಯ ಚಿಂತೆ ಬೇರೆ ಇತ್ತು. ಅದು ನನಗೆ ಆಮೇಲೆ ಗೊತ್ತಾಯಿತು.

ಸಿಕ್ಕಿದ್ದು ಒಂದು ವಾರ. ನನಗೆ ಗಾಬರಿಯೇನೂ ಇರಲಿಲ್ಲ. ಇಂಥ ವಿಷಯದಲ್ಲಿ ನನಗೆ ಗಾಬರಿಯಾಗುವುದೇ ಇಲ್ಲ. ನುಸಿ ಆಕಾಶದಿಂದ ಉದುರುವುದಿಲ್ಲ, ಎಲ್ಲೋ ಒಂದು ಒದ್ದೆ ಜಾಗದಲ್ಲಿ ಹುಟ್ಟುತ್ತದೆ. ಮೊಟ್ಟೆ ಇಟ್ಟು, ಹುಳವಾಗಿ, ರೆಕ್ಕೆ ಬಂದು ಹಾರಲು ಬೇಸಿಗೆಯಲ್ಲಿ ಹತ್ತು ದಿನ ಸಾಕು. ಹಾರುವುದನ್ನು ಹೊಡೆಯುತ್ತಾ ಕೂತರೆ ಆಯುಷ್ಯ ಮುಗಿಯುತ್ತದೆ, ಹುಟ್ಟುವ ಜಾಗ ಹಿಡಿದರೆ ಕೆಲಸ ಮುಗಿಯುತ್ತದೆ. ಇದನ್ನು ನಾನು ಎಷ್ಟು ಶಾಲೆಗಳಲ್ಲಿ ಹೇಳಿದ್ದೇನೆಂದರೆ, ಈಗ ಸ್ಕೂಟರಿನಲ್ಲಿ ಹೋಗುವ ದೊಡ್ಡ ದೊಡ್ಡ ಗಂಡಸರು ನನ್ನನ್ನು ಕಂಡರೆ ಕೈಯಲ್ಲಿದ್ದ ಎಳನೀರಿನ ಚಿಪ್ಪನ್ನು ಬೆನ್ನ ಹಿಂದೆ ಅಡಗಿಸುತ್ತಾರೆ.

ನಮ್ಮವರಿಗೆ ಈ ಸಿದ್ಧಾಂತದಲ್ಲಿ ನಂಬಿಕೆ ಇಲ್ಲ. ಅವರದ್ದು ನೇರ ಯುದ್ಧ. ಪೇಟೆಗೆ ಹೋಗಿ ಕರೆಂಟಿನ ಸೊಳ್ಳೆ ಬ್ಯಾಟು ತಂದರು. ಯೌವನದಲ್ಲಿ ಜಿಲ್ಲಾ ಮಟ್ಟದಲ್ಲಿ ಶಟಲ್ ಆಡಿದವರು, ಊಟದ ಮೇಜಿನ ಎರಡೂ ಬದಿಗೆ ಓಡಾಡುತ್ತಾ ಒಂದೊಂದು ಹೊಡೆತಕ್ಕೂ ಕಾಲು ಎಲ್ಲಿ ಇರಬೇಕೆಂದು ನನಗೆ ವಿವರಿಸಿದರು. ನುಸಿ ಬ್ಯಾಟಿನ ಕಣ್ಣಿಗಿಂತ ಸಣ್ಣದು. ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಹೊರಗೆ ಬಂದು ತನ್ನ ಕೆಲಸ ಮುಂದುವರಿಸಿತು. ಆಮೇಲೆ ಫೋನಿನಲ್ಲಿ ನೋಡಿದ ಪ್ರಕಾರ ಲಿಂಬೆಗೆ ಲವಂಗ ಚುಚ್ಚಿ ನಾಲ್ಕು ಮೂಲೆಯಲ್ಲಿಟ್ಟರು, ಕರ್ಪೂರ ಉರಿಸಿದರು. ಮನೆಯಲ್ಲಿ ದೇವಸ್ಥಾನದ ಪರಿಮಳ ಬಂತು. ನುಸಿಗಳು ಲಿಂಬೆಯ ಮೇಲೆ ಕೂತು ದಣಿವಾರಿಸಿಕೊಂಡವು.

ನನ್ನ ಮೊದಲ ಸಂಶಯ ಸಹಜವಾಗಿ ಹಲಸಿನ ಮೇಲೆ. ಮೇ ತಿಂಗಳ ಪುತ್ತೂರಿನಲ್ಲಿ ಹಲಸಿನ ಹಣ್ಣು ಯಾರೂ ಕೊಂಡುಕೊಳ್ಳುವ ವಸ್ತುವಲ್ಲ, ಅದು ತಾನಾಗಿ ಬರುತ್ತದೆ. ನೀವು ಮನೆಯಲ್ಲಿ ಇಲ್ಲದಿದ್ದರೂ ಮೆಟ್ಟಿಲ ಮೇಲೆ ಒಂದು ಕೂತಿರುತ್ತದೆ. ಕೊಟ್ಟವರು ಯಾರೆಂದು ತಿಳಿಯಲು ಮೂರು ಫೋನು ಮಾಡಬೇಕು. ಆ ವಾರ ನಾನು ಮನೆಯೊಳಗೆ ಹಲಸು, ಮಾವು, ಅನಾನಸು ಮೂರನ್ನೂ ನಿಷೇಧಿಸಿದೆ. ಆಶ್ಚರ್ಯವೆಂದರೆ, ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಎಂದರೆ ಪ್ರಾಣ ಬಿಡುವ ಮಾಮಿ ತಕ್ಷಣ ನನ್ನ ಪಕ್ಷ ವಹಿಸಿದರು. ಹೌದು ಹೌದು, ಎಲ್ಲ ಹಲಸಿನದ್ದೇ ಉಪದ್ರ ಎಂದರು. ಆಗಲೇ ನಾನು ಸಂಶಯಪಡಬೇಕಿತ್ತು. ನನ್ನ ವೈಜ್ಞಾನಿಕ ಮನೋಭಾವ ಕಡೆಗೂ ಮನೆಯವರಿಗೆ ತಾಗಿತಲ್ಲ ಎಂದು ಸಂತೋಷಪಟ್ಟೆ.

ಅದೇ ಉಮೇದಿನಲ್ಲಿ ಪಕ್ಕದ ಮನೆಯವರು ಬೇಲಿಯ ಮೇಲಿಂದ ಎತ್ತಿ ಕೊಟ್ಟ ಹಲಸನ್ನು ಬೇಡ ಎಂದುಬಿಟ್ಟೆ. ನುಸಿ ಆಗ್ತದೆ ಎಂದು ಕಾರಣವನ್ನೂ ಹೇಳಿದೆ. ಹಲಸು ಬೇಡ ಎಂದರೆ ಹೊಟ್ಟೆ ಸರಿಯಿಲ್ಲ ಎನ್ನಬಹುದು, ಮನೆಯಲ್ಲಿ ಈಗಾಗಲೇ ಮೂರು ಉಂಟು ಎನ್ನಬಹುದು. ನಿಮ್ಮ ಹಲಸಿನಿಂದ ನುಸಿ ಬರುತ್ತದೆ ಎಂದು ಈ ತಾಲೂಕಿನಲ್ಲಿ ಇದುವರೆಗೆ ಯಾರೂ ಯಾರಿಗೂ ಹೇಳಿರಲಾರರು. ಅವರು ಹಣ್ಣನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ಬೇಲಿಯ ಆಚೆಯಿಂದ ಮಾತಿಲ್ಲ.

ಹಲಸು ಹೋದರೂ ನುಸಿ ಹೋಗಲಿಲ್ಲ. ಕುಂಡಗಳ ಮಣ್ಣು ಒಣಗಿಸಿದೆ. ಬಚ್ಚಲಿನ ಮೋರಿಗೆ ಕುದಿಯುವ ನೀರು ಹೊಯ್ದೆ. ಫಲವಿಲ್ಲ. ಆಗ ನನ್ನ ಕೊನೆಯ ಅಸ್ತ್ರ ತೆಗೆದೆ. ಐದು ಗಾಜಿನ ಲೋಟಗಳಲ್ಲಿ ಸ್ವಲ್ಪ ವಿನೆಗರು, ಒಂದು ತುಂಡು ಕೊಳೆತ ಬಾಳೆಹಣ್ಣು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಹುಳಿ ವಾಸನೆಗೆ ನುಸಿ ಬರುತ್ತದೆ, ಸೋಪಿನ ನೀರಿನಲ್ಲಿ ಕೂರಲಾಗದೆ ಮುಳುಗುತ್ತದೆ. ಇದು ನುಸಿ ಕೊಲ್ಲಲಿಕ್ಕೆ ಎಂದು ನಮ್ಮವರು ತಿಳಿದರು. ಅಲ್ಲ, ಇದು ಎಣಿಸಲಿಕ್ಕೆ. ಎಲ್ಲಿಯ ಲೋಟದಲ್ಲಿ ಹೆಚ್ಚು ಬೀಳುತ್ತದೋ ಅಲ್ಲಿಯೇ ಹತ್ತಿರದಲ್ಲಿ ಹುಟ್ಟುವ ಜಾಗ. ಜ್ವರ ಬಂದ ಮನೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಸೊಳ್ಳೆಯ ತವರು ಹುಡುಕುತ್ತಿದ್ದದ್ದೂ ಹೀಗೆಯೇ. ಲೋಟಗಳ ತಳಕ್ಕೆ ಮಾರ್ಕರ್ ಪೆನ್ನಿನಲ್ಲಿ ಒಂದರಿಂದ ಐದರವರೆಗೆ ನಂಬರು ಬರೆದೆ. ಒಂದನೆಯದು ಅಡುಗೆಮನೆಗೆ, ಎರಡು ಜಗಲಿಗೆ, ಮೂರು ನಮ್ಮ ಕೋಣೆಗೆ, ನಾಲ್ಕು ಬಚ್ಚಲಿಗೆ, ಐದು ಮಹಡಿ ಮೆಟ್ಟಿಲ ಕೆಳಗಿನ ಕಪಾಟಿನ ಪಕ್ಕಕ್ಕೆ. ಸಂಜೆ ತಳ ನೋಡಿ ಆಯಾ ಜಾಗದಲ್ಲಿ ಇಡುವುದು, ಬೆಳಿಗ್ಗೆ ಮೇಲಿನಿಂದ ಟಾರ್ಚು ಹಾಕಿ ಎಣಿಸುವುದು. ಮಾಮಿ ಮುಂದೆ ಬಂದು, ಎಣಿಸಿದ ಮೇಲೆ ಲೋಟ ನಾನು ತೊಳೆದಿಡುತ್ತೇನೆ, ನಿನಗೆ ಬೇರೆ ಕೆಲಸ ಇಲ್ಲವಾ ಎಂದರು. ಮತ್ತೊಮ್ಮೆ ಸಂತೋಷಪಟ್ಟೆ.

ಮೂರು ಬೆಳಗೂ ಒಂದೇ ಫಲಿತಾಂಶ. ಅಡುಗೆಮನೆಯ ಲೋಟ ಕಪ್ಪಾಗಿರುತ್ತಿತ್ತು, ಉಳಿದವುಗಳಲ್ಲಿ ಎರಡೋ ಮೂರೋ. ನಾನು ಅಡುಗೆಮನೆಯ ಮೇಲೆ ಮುಗಿಬಿದ್ದೆ. ಡಬ್ಬಿಗಳನ್ನೆಲ್ಲ ಅಂಗಳಕ್ಕೆ ಹಾಕಿ ಬಿಸಿಲು ತೋರಿಸಿದೆ. ಸಿಂಕಿನ ಕೆಳಗಿನ ಪೈಪು ಬಿಚ್ಚಿಸಿದೆ. ಅದರೊಳಗೆ ಹತ್ತು ವರ್ಷದ ಹಿಂದೆ ಕಳೆದುಹೋಗಿದ್ದ ಮೂಗುತಿಯ ತಿರುಪು ಸಿಕ್ಕಿತು, ನುಸಿಯ ತವರು ಸಿಗಲಿಲ್ಲ. ಮಾಮಿ ಬಾಗಿಲಲ್ಲಿ ನಿಂತು, ಆ ಮೂಲೆಯನ್ನೂ ಸ್ವಲ್ಪ ನೋಡು ಎಂದು ನನಗೆ ಸಲಹೆ ಕೊಡುತ್ತಿದ್ದರು. ಅವರ ಉತ್ಸಾಹ ಕಂಡು ನಮ್ಮವರು, ಅಮ್ಮನೂ ಇಲಾಖೆಗೆ ಸೇರಿದ ಹಾಗೆ ಉಂಟು ಎಂದು ನಕ್ಕರು.

ಬುಧವಾರ ಬೆಳಿಗ್ಗೆ ಮಾಮಿ ಸ್ನಾನಕ್ಕೆ ಹೋದವರು ಬರುವುದು ತಡವಾಯಿತು. ಕಪ್ಪಾದ ಲೋಟವನ್ನು ಎಷ್ಟು ಹೊತ್ತು ಕಟ್ಟೆಯ ಮೇಲೆ ಇಟ್ಟುಕೊಳ್ಳುವುದೆಂದು ನಾನೇ ತೊಳೆಯಲು ತೆಗೆದುಕೊಂಡೆ. ಚೆಲ್ಲಿ, ಮಗುಚಿ ಹಿಡಿದೆ. ತಳದಲ್ಲಿ ನನ್ನದೇ ಅಕ್ಷರದಲ್ಲಿ ‘೫’.

ಐದನೆಯ ಲೋಟ ಅಡುಗೆಮನೆಯಲ್ಲಿ ಹೇಗೆ ಬಂತು? ಮೆಟ್ಟಿಲ ಕೆಳಗೆ ಹೋಗಿ ಅಲ್ಲಿದ್ದ ಲೋಟ ಎತ್ತಿ ನೋಡಿದೆ. ತಳದಲ್ಲಿ ‘೧’. ನಾನು ಏಳುವ ಮೊದಲು ಯಾರೋ ದಿನಾ ಬೆಳಿಗ್ಗೆ ಎರಡು ಲೋಟಗಳ ಜಾಗ ಬದಲಿಸುತ್ತಿದ್ದರು. ನಾನು ಏಳುವ ಮೊದಲು ಏಳುವವರು ನಮ್ಮ ಮನೆಯಲ್ಲಿ ಒಬ್ಬರೇ.

ಆ ಕಪಾಟಿನಲ್ಲಿರುವುದು ನನ್ನ ಕೆಲಸದ ಸಾಮಾನು. ಹಳೆಯ ಬ್ಯಾಗು, ಹುಳ ಹಿಡಿಯುವ ಸೌಟು, ಹಂಚಿ ಉಳಿದ ಕರಪತ್ರಗಳ ಕಟ್ಟು. ನಿವೃತ್ತಿಯ ದಿನ ಮುಚ್ಚಿದವಳು ಮತ್ತೆ ತೆಗೆದಿರಲಿಲ್ಲ. ಮಾಮಿಗೆ ಅದು ಗೊತ್ತಿತ್ತು. ಬಾಗಿಲು ಎಳೆದೆ. ಒಂದು ಮೋಡ ನುಸಿ ಮುಖಕ್ಕೆ ಬಂತು, ಅದರ ಹಿಂದೆ ವಾಸನೆ ಬಂತು. ‘ನಿಂತ ನೀರು ಚೆಲ್ಲಿ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ಕರಪತ್ರಗಳ ಹಿಂದೆ, ಮೊಣಕಾಲೆತ್ತರದ ಒಂದು ಮಣ್ಣಿನ ಭರಣಿ. ಅದರ ತುಂಬ ನೀರಡಿಕೆ.

ಈ ಊರಿನವರಲ್ಲದವರಿಗೆ ನೀರಡಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ನೀರಿನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಬಿಟ್ಟರೆ, ಮರದಲ್ಲಿ ಹಣ್ಣಡಿಕೆ ಇಲ್ಲದ ಮಳೆಗಾಲಕ್ಕೂ ಮೆತ್ತಗಿನ ಅಡಿಕೆ ಸಿಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಒಣ ಅಡಿಕೆ ಕಲ್ಲು, ನೀರಡಿಕೆ ಬೆಣ್ಣೆ. ವಾಸನೆ ಮಾತ್ರ, ಹೇಗೆ ಹೇಳಲಿ, ಅಭ್ಯಾಸವಿದ್ದವರಿಗೆ ಹಸಿವು ತರುತ್ತದೆ, ಇಲ್ಲದವರನ್ನು ಮನೆಯಿಂದ ಓಡಿಸುತ್ತದೆ. ನನ್ನನ್ನು ಆ ವಾಸನೆ ಬೇರೆಯೇ ಒಂದು ಕಡೆಗೆ ಕರೆದುಕೊಂಡು ಹೋಯಿತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಂಜದ ಕಡೆಯ ಒಂದು ಮನೆಗೆ ಹೋಗಿದ್ದೆ. ನಾನು ಬೆಳೆದದ್ದು ಕಡಲಿನ ಬದಿಯಲ್ಲಿ, ನೀರಡಿಕೆ ನೋಡಿರಲಿಲ್ಲ. ಹಿತ್ತಿಲಿನಲ್ಲಿ ಮುಚ್ಚಳ ಸರಿದ ಭರಣಿ, ನಾರುವ ಕಪ್ಪು ನೀರು, ಅದರಲ್ಲಿ ಎಂತದೋ ಕೊಳೆತ ಕಾಯಿಗಳು. ಮನೆಯವರನ್ನು ಕರೆಯಲೂ ಇಲ್ಲ. ಎರಡೂ ಕೈಯಿಂದ ಮಗುಚಿ ಹಾಕಿದೆ. ಅಡಿಕೆಗಳು ಇಳಿಜಾರಿನಲ್ಲಿ ಉರುಳಿ ಕೆಳಗೆ ಹರಿಯುವ ತೋಡಿನವರೆಗೆ ಹೋದವು. ಒಳಗಿನಿಂದ ಬಂದ ಅಜ್ಜಿ ಬೈಯಲಿಲ್ಲ. ಸೊಂಟ ಬಗ್ಗಿಸಿ, ಸಿಕ್ಕಿದಷ್ಟನ್ನು ಸೆರಗಿಗೆ ಹಾಕಿಕೊಂಡರು. ಆಮೇಲೆ ನನಗೆ ಬೆಲ್ಲ ನೀರು ತಂದುಕೊಟ್ಟು, ಬಹಳ ಮೆತ್ತಗೆ ಹೇಳಿದರು, “ನೀರು ಹೋದರೆ ತುಂಬಿಸ್ಬಹುದು ಮಗಳೇ. ನಾಲ್ಕು ತಿಂಗಳು ಎಲ್ಲಿಂದ ತರುದು?” ನಾನು ಬೆಲ್ಲ ನೀರು ಕುಡಿದು, ಗೋಡೆಯ ಮೇಲೆ ‘ಪಾತ್ರೆ ಒಂದು, ಚೆಲ್ಲಿದೆ’ ಎಂದು ಬರೆದು ಬಂದೆ. ಎಷ್ಟೋ ವರ್ಷ ಇಲಾಖೆಯ ಮೀಟಿಂಗಿನಲ್ಲಿ ಇದನ್ನು ತಮಾಷೆಯ ಕಥೆಯಾಗಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ಮೆಟ್ಟಿಲ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದ ನನಗೆ ನಗು ಬರಲಿಲ್ಲ. ಬಂದದ್ದು ಸಿಟ್ಟು. ಎರಡು ವರ್ಷ ಊರಿಗೆಲ್ಲ ಮಾಮಿಯ ಕಥೆ ಹೇಳಿದವಳು ನಾನು. ಮಾಮಿ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದವರು ಕಪಾಟಿನ ಬಾಗಿಲು ತೆರೆದದ್ದನ್ನು ನೋಡಿ ಅಲ್ಲೇ ನಿಂತರು.

“ನೀವು ತಿನ್ನುದಾ ಮಾಮಿ?” ಎಂದೆ.

“ನಾನು ತಿಂದರೆ ನನ್ನ ಬಾಯಿ ಹೇಳುದಿಲ್ವಾ? ವಾರ ವಾರ ಟಾರ್ಚು ಹಾಕಿ ನೋಡುದು ಎಂತಕ್ಕೆ ಮತ್ತೆ ನೀನು?”

ಅದು ನಿಜವೇ. ಅವರ ಬಾಯಿಯನ್ನು ನನ್ನಷ್ಟು ಬಲ್ಲವರು ಬೇರೆ ಇಲ್ಲ. ಹಾಗಾದರೆ ಇದು ಯಾರಿಗೆ ಎಂದು ಕೇಳಿದೆ. ಮಾಮಿ ಮೆಟ್ಟಿಲಿನ ಮೇಲೆ ಕೂತರು. ಜನವರಿಯಲ್ಲಿ ಹಿತ್ತಿಲಿನ ನಾಲ್ಕು ಮರದ ಕೆಳಗೆ ಬಿದ್ದ ಹಣ್ಣಡಿಕೆಯನ್ನು ಒಂದೊಂದಾಗಿ ಸೆರಗಿನಲ್ಲಿ ತಂದು ಹಾಕಿದ್ದಂತೆ. ಏಪ್ರಿಲಿನ ಸೆಕೆಗೆ ಭರಣಿಯ ನೀರು ಇಳಿದಿತ್ತಂತೆ. ನಾನು ಏಳುವ ಮೊದಲು ನೀರು ಹೊಯ್ದರೆ ಸದ್ದಾಗುತ್ತದೆ, ಎದ್ದ ಮೇಲೆ ಕೊಡ ಹಿಡಿದು ಮೆಟ್ಟಿಲ ಕೆಳಗೆ ನುಗ್ಗುವುದು ಹೇಗೆ? ಮೇಲಿನ ಅಡಿಕೆಗಳು ನೀರಿನಿಂದ ಹೊರಗೆ ಉಳಿದು ಕೊಳೆತವು, ನುಸಿ ಆಯಿತು. ಇಷ್ಟನ್ನು ತಪ್ಪೊಪ್ಪಿಗೆಯ ಹಾಗೆ ಹೇಳಿ ಮುಗಿಸಿದವರು, ಆಮೇಲೆ ತಲೆ ಎತ್ತಿದರು.

“ಅದು ಗಿರಿಜನಿಗೆ. ಅವಳಿಗೆ ಹಲ್ಲಿಲ್ಲ, ಒಣ ಅಡಿಕೆ ಆಗುದಿಲ್ಲ. ನಾನು ಬಿಟ್ಟೆ, ಸರಿ. ಆದರೆ ಮನೆಗೆ ಬಂದವಳ ಮುಂದೆ ಒಂದು ಎಲೆ ಅಡಿಕೆ ಇಡ್ಲಿಕ್ಕೆ ಇಲ್ಲದಿದ್ದರೆ ಬಾ ಅಂತ ಯಾವ ಬಾಯಲ್ಲಿ ಹೇಳುದು ವಿಮಲ? ನಾಲ್ಕೈದು ಸಲ ಬಂದಳು. ನಿನ್ನ ಚಾ ಕುಡಿದಳು, ಅರ್ಧ ಗಂಟೆ ಕೂತಳು, ಬಸ್ಸು ಉಂಟು ಅಂತ ಹೋದಳು.”

ಅಡಿಕೆ ಅವರಿಗೂ ಒಳ್ಳೆಯದಲ್ಲ ಎಂದು ನಾನು ಹೇಳಿದೆ. ಹೇಳುವುದು ನನ್ನ ಕೆಲಸ. ಅವಳಿಗೂ ಎಂಬತ್ತೆರಡು, ಇನ್ನು ಅವಳನ್ನು ತಿದ್ದಲಿಕ್ಕೆ ಉಂಟಾ ಎಂದು ಮಾಮಿ ಕೇಳಿದರು. ಆಮೇಲೆ ಭರಣಿಯ ಕಡೆ ನೋಡದೆ ಎದ್ದು ನಿಂತರು.

“ಚೆಲ್ಲುದಾದರೆ ಚೆಲ್ಲು. ನಿನ್ನ ಕೆಲಸ ಅದೇ ಅಲ್ವಾ.”

ನನ್ನ ಎರಡೂ ಕೈ ಆಗಲೇ ಭರಣಿಯ ಅಂಚಿನ ಮೇಲಿತ್ತು. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಹೋಗಿ ಹಿಡಿಯುತ್ತದೆ. ಆಗ ನನಗೆ ನಾಚಿಕೆಯಾಯಿತು. ನುಸಿಗಾಗಿ ಅಲ್ಲ. ಎಂಟು ತಿಂಗಳಿನಿಂದ ಈ ಜಗಲಿ ಖಾಲಿ ಬಿದ್ದಿದ್ದರೂ, ಮನೆಯ ಪ್ರತಿ ಪಾತ್ರೆಯ ತಳ ಬಲ್ಲ ನನಗೆ ಅದು ಕಂಡಿರಲಿಲ್ಲ. ಬಾಯಿಯೊಳಗೆ ಟಾರ್ಚು ಹಾಕಿ ಹುಣ್ಣು ಹುಡುಕಿದೆ, ಆ ಬಾಯಿ ಮಾತು ಕಡಿಮೆ ಮಾಡಿದ್ದನ್ನು ಗಮನಿಸಲಿಲ್ಲ. ಗೆಳತಿಯ ನಾಲ್ಕು ಗಂಟೆಯ ಮಾತಿಗಾಗಿ ಮಾಮಿ ನಾಲ್ಕು ತಿಂಗಳು ಈ ನೀರನ್ನು ಕಾದಿದ್ದರು. ಪಂಜದ ಅಜ್ಜಿ ಎಲ್ಲಿಂದ ತರುದು ಎಂದು ಕೇಳಿದ್ದೂ ಇಂಥದೇ ನಾಲ್ಕು ತಿಂಗಳನ್ನು.

ಭರಣಿಯನ್ನು ತಬ್ಬಿ ಹಿಡಿದು ಎತ್ತಿದೆ. ಚೆಲ್ಲಲಿಕ್ಕೆ ಎಂದು ತಿಳಿದು ಮಾಮಿ ಮುಖ ಆಚೆ ತಿರುಗಿಸಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತಗಡಿನ ಮಾಡಿನ ನೆರಳಿನಲ್ಲಿ ಇಳಿಸಿ, ಒಂದು ಹಳೆಯ ಮುಂಡು ಕೊಡಿ ಎಂದು ಕೂಗಿದೆ. ಮೇಲಿನ ಕೊಳೆತ ಅಡಿಕೆಗಳನ್ನು ಸೌಟಿನಿಂದ ತೆಗೆದು ಮಣ್ಣಿನಲ್ಲಿ ಹೂತೆ. ಅದು ನನ್ನ ಹುಳ ಹಿಡಿಯುವ ಸೌಟೇ, ಕಡೆಗೂ ಪುನಃ ಕೆಲಸಕ್ಕೆ ಬಂತು. ಉಳಿದವು ಪೂರ್ತಿ ಮುಳುಗುವ ಹಾಗೆ ಬಾವಿಯ ನೀರು ತುಂಬಿಸಿದೆ. ಆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ಹಾಸಿ, ಹಗ್ಗದಿಂದ ಬಿಗಿದು ಕಟ್ಟಿದೆ. ಚೆಲ್ಲಲಾಗದ ಪಾತ್ರೆಗೆ ಬಟ್ಟೆ ಕಟ್ಟಿ ಎಂದು ಅದೇ ಕರಪತ್ರದ ಎರಡನೆಯ ಸಾಲಿನಲ್ಲಿ ಇದೆ. ಮೊದಲ ಸಾಲು ಓದಿ ಮುಗಿಸುವಷ್ಟರಲ್ಲಿ ನನ್ನ ಕೈ ಕೆಲಸ ಮುಗಿಸಿರುತ್ತಿದ್ದುದರಿಂದ ಎರಡನೆಯದು ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ.

ಮಾಮಿ ಹಿಂಬಾಗಿಲಿನಲ್ಲಿ ನಿಂತು ಕೊನೆಯ ಗಂಟಿನವರೆಗೂ ನೋಡಿದರು. “ಇಷ್ಟೇ ಆದರೆ ನಾನು ಅಡಗಿಸಿ ಇಡ್ಲಿಕ್ಕೆ ಉಂಟಿತ್ತಾ?” ಎಂದು ಕೇಳಿ, ಒಲೆಯ ಹತ್ತಿರ ಹೋದರು. ಆ ದಿನದ ಸಾರಿಗೆ ಅವರ ಹುಬ್ಬು ಏಳಲಿಲ್ಲ.

ಗುರುವಾರ ನನಗೆ ಎರಡು ಕಷ್ಟದ ಕೆಲಸ ಇದ್ದವು. ಒಂದು, ಪಕ್ಕದ ಮನೆಯ ಬೇಲಿಯ ಹತ್ತಿರ ನಿಂತು, ತಪ್ಪಾಯಿತು, ಆ ಹಲಸು ಇನ್ನೂ ಉಂಟಾ ಎಂದು ಕೇಳುವುದು. ಅವರು ಒಂದು ನಿಮಿಷ ನನ್ನನ್ನು ನೋಡಿ, ಅದು ಮುಗಿಯಿತು ಎಂದು ಹೇಳಿ, ಒಳಗಿನಿಂದ ಅದಕ್ಕಿಂತ ದೊಡ್ಡದೊಂದನ್ನು ಎತ್ತಿ ತಂದರು. ಎರಡು, ಪೇಟೆಗೆ ಹೋಗಿ ವೀಳ್ಯದೆಲೆ ಕೊಳ್ಳುವುದು. ಎಲೆ ಮಾರುವವನು ನನ್ನ ಭಾಷಣ ಕೇಳಿದವನೇ. ಕಟ್ಟು ಕೊಡುವ ಮೊದಲು ಎರಡು ಸಲ, ನಿಮಗೇ ಅಲ್ವಾ ಎಂದು ಕೇಳಿದ. ಪೂಜೆಗೆ ಎಂದು ಹೇಳಬಹುದಿತ್ತು. ಮನೆಗೆ ಬರುವವರಿಗೆ ಎಂದೆ. ಅಡಿಕೆಯ ಬಗ್ಗೆ ನನ್ನ ಅಭಿಪ್ರಾಯ ಒಂದಕ್ಷರವೂ ಬದಲಾಗಿಲ್ಲ ಎಂದೂ ಸೇರಿಸಿದೆ. ಅವನು ಒಂದು ಹೆಚ್ಚಿನ ಎಲೆ ಇಟ್ಟು ಕಟ್ಟಿದ.

ಸಂಜೆ ಅಟ್ಟದಿಂದ ಹಿತ್ತಾಳೆಯ ತಟ್ಟೆ ಇಳಿಸಿ ಹುಳಿ ಹಾಕಿ ಉಜ್ಜಿದೆ. ಬಾವಿಕಟ್ಟೆಯ ಹತ್ತಿರ, ನಾನು ಕಿತ್ತ ಜಾಗದಲ್ಲಿ, ಯಾರಿಗೂ ಹೇಳದೆ ಒಂದು ಎಲೆಬಳ್ಳಿಯ ಚಿಗುರು ಎದ್ದಿತ್ತು. ಅದರ ಬುಡದ ಮಣ್ಣು ಒದ್ದೆಯಾಗಿತ್ತು. ಯಾರು ನೀರು ಹಾಕುತ್ತಿದ್ದಾರೆ ಎಂದು ಈ ಸಲ ತನಿಖೆ ಮಾಡಲಿಲ್ಲ.

ಶುಕ್ರವಾರ ಗಿರಿಜಕ್ಕ ಬಂದರು. ಮೊಣಕಾಲು ನೋವಿನವರು ಜಗಲಿಯ ಐದು ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದರು. ಮಾಮಿ ತಟ್ಟೆಯನ್ನು ನಡುವೆ ಎಳೆದುಕೊಂಡು, ನೀರಡಿಕೆಯ ಸಿಪ್ಪೆ ಬಿಡಿಸಿ, ಅಡಕತ್ತರಿಯಲ್ಲಿ ತೆಳ್ಳಗೆ ಹೋಳು ಮಾಡಿದರು. ಎಲೆಯ ನಾರು ತೆಗೆದರು, ಸುಣ್ಣ ಸವರಿದರು, ಮಡಚಿ ಗೆಳತಿಯ ಕೈಗೆ ಕೊಟ್ಟರು. ತಮ್ಮ ಬಾಯಿಗೆ ಒಂದು ಚೂರೂ ಹಾಕಲಿಲ್ಲ. ಬೆರಳನ್ನು ಮಾತ್ರ ಒಮ್ಮೆ ಮೂಗಿನ ಹತ್ತಿರ ತಂದು ಸೆರಗಿಗೆ ಒರಸಿದರು. ಗಿರಿಜಕ್ಕ ಕೆನ್ನೆ ಉಬ್ಬಿಸಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

“ಈಗ ನಿನ್ನ ಮನೆಗೆ ಬಂದ ಹಾಗೆ ಆಯಿತು ನೋಡು,” ಎಂದರು.

ಆಮೇಲೆ ಐದನೆಯ ಕ್ಲಾಸಿನ ಮೇಷ್ಟ್ರಿನಿಂದ ಹಿಡಿದು ಮೊನ್ನೆ ಕುಂಬ್ರದಲ್ಲಿ ಹುಟ್ಟಿದ ಮರಿಮಗುವಿನವರೆಗೆ ಮಾತು ಹರಿಯಿತು. ಮಾಮಿ ಅಷ್ಟು ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಮೂರು ಬಸ್ಸು ತಪ್ಪಿ ಹೋದವು. ನಾನು ಚಾ ತಂದಿಟ್ಟೆ. ಆಗ ಎಲ್ಲಿಂದಲೋ ಒಂದು ನುಸಿ, ಬಹುಶಃ ಆ ವಂಶದ ಕೊನೆಯದು, ಬಂದು ಗಿರಿಜಕ್ಕನ ಲೋಟದ ಅಂಚಿನಲ್ಲಿ ಕೂತಿತು. ನಾನು ಲೋಟ ಬದಲಿಸಲು ಕೈ ಚಾಚಿದೆ. ಗಿರಿಜಕ್ಕ ಅದನ್ನು ಬೆರಳಿನಿಂದ ಆಚೆ ಸರಿಸಿ, ಮಾತಿನ ಎಳೆ ಬಿಡದೆ, ಚಾ ಕುಡಿದರು.

ಅವರನ್ನು ಬಸ್ಸು ಹತ್ತಿಸಿ ಬಂದವಳು ಹಿತ್ತಿಲಿಗೆ ಹೋಗಿ ಭರಣಿಯ ಕಟ್ಟು ನೋಡಿದೆ. ಬಿಗಿಯಾಗಿಯೇ ಇತ್ತು. ಹಳೆಯ ಬ್ಯಾಗಿನ ತಳದಲ್ಲಿ ಒಂದು ತುಂಡು ಸೀಮೆಸುಣ್ಣ ಉಳಿದಿತ್ತು. ಒಗೆಯುವ ಕಲ್ಲಿನ ಪಕ್ಕದ ಗೋಡೆಯ ಮೇಲೆ, ಕಳೆದ ವರ್ಷವಷ್ಟೇ ನಾನೇ ನಿಂತು ಬಣ್ಣ ಹೊಡೆಸಿದ ಗೋಡೆಯ ಮೇಲೆ, ತಾರೀಕು ಹಾಕಿ ಬರೆದೆ: ‘ಪಾತ್ರೆ ಒಂದು. ಹುಳ ಇತ್ತು. ಚೆಲ್ಲಿಲ್ಲ.’ ಕೆಳಗೆ ಚುಟುಕು ಸಹಿಯ ಬದಲು ಪೂರ್ತಿ ಹೆಸರು ಬರೆದೆ.